ಚಿಪ್ ಇರುವ ಕಾರ್ ಕೀ: ಜೇಬಿಗೆ ಭಾರವಾಗದಂತೆ ಇನ್ನೊಂದು ಮಾಡಿಸುವುದು ಹೇಗೆ

ಹೊರದೇಶಕ್ಕೆ ಬಂದ ಹೊಸತರಲ್ಲಿ ಹೆಚ್ಚಿನವರು ಕೊಳ್ಳುವುದು ಸೆಕೆಂಡ್ ಹ್ಯಾಂಡ್ ಕಾರು. ಅದರ ಜೊತೆ ಎಷ್ಟೋ ಸಲ ಬರುವುದು ಒಂದೇ ಒಂದು ಕೀ. "ಇನ್ನೊಂದು ಮನೇಲೇ ಎಲ್ಲೋ ಇದೆ, ಸಿಕ್ಕಿದ ತಕ್ಷಣ ಕೊಡ್ತೀನಿ" ಅಂತ ಮಾರುವವರು ಹೇಳುತ್ತಾರೆ. ಅದು ಸಿಗೋದಿಲ್ಲ ಅಂದುಕೊಂಡೇ ವ್ಯವಹಾರ ಮುಗಿಸಿ. ಒಂದೇ ಕೀ ಇದೆ, ಅಷ್ಟು ಬೆಲೆ ಇಳಿಸಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಆಮೇಲೆ ಕಾರು ಮನೆಗೆ ಬಂದ ವಾರದಲ್ಲೇ ಎರಡನೇ ಕೀ ಮಾಡಿಸಿಬಿಡಿ.

ಯಾಕಿಷ್ಟು ಅವಸರ ಅಂದರೆ, ಕೆಲಸ ಮಾಡುವ ಒಂದು ಕೀ ಕೈಯಲ್ಲಿರುವಾಗ ಇನ್ನೊಂದು ಮಾಡಿಸುವುದು ಸಣ್ಣ ಕೆಲಸ. ನಿಧಾನವಾಗಿ ನಾಲ್ಕು ಕಡೆ ವಿಚಾರಿಸಬಹುದು, ಕಾರನ್ನು ನೀವೇ ಓಡಿಸಿಕೊಂಡು ಅಂಗಡಿಗೆ ಹೋಗಬಹುದು. ಇದ್ದ ಒಂದೂ ಕಳೆದರೆ ಕಥೆಯೇ ಬೇರೆ. ಕಾರನ್ನು ಎತ್ತಿಕೊಂಡು ಹೋಗಲು ಗಾಡಿ ಕರೆಸಬೇಕು, ಇಲ್ಲವೇ ಲಾಕ್‌ಸ್ಮಿತ್ (ಬೀಗ-ಕೀ ಮಾಡುವವರು) ಕಾರಿದ್ದಲ್ಲಿಗೇ ಬರಬೇಕು. ಸಿಕ್ಕವರು ಹೇಳಿದ ರೇಟಿಗೆ ತಲೆ ಆಡಿಸಬೇಕು. ಕೀ ವಿಷಯದಲ್ಲಿ ದುಡ್ಡು ಉಳಿಸುವ ದೊಡ್ಡ ಉಪಾಯ ಇದೊಂದೇ. ಉಳಿದದ್ದೆಲ್ಲ ಚಿಲ್ಲರೆ ಉಳಿತಾಯ, ಆದರೂ ಹೇಳುತ್ತೇನೆ.

ಮೊದಲು ಈ ಚಿಪ್ ಏನು ಮಾಡುತ್ತದೆ ಅಂತ ತಿಳಿದಿರಲಿ. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಇಗ್ನಿಷನ್ ಸುತ್ತ ತಂತಿಯ ಸುರುಳಿ ಇರುತ್ತದೆ. ಕೀ ತಿರುಗಿಸಿದಾಗ ಆ ಸುರುಳಿ ಹೊರಡಿಸುವ ರೇಡಿಯೋ ಅಲೆಯಿಂದಲೇ ಚಿಪ್ಪಿಗೆ ಬೇಕಾದ ಕರೆಂಟ್ ಸಿಗುತ್ತದೆ. ಚಿಪ್ ತನ್ನ ಗುರುತು ಹೇಳುತ್ತದೆ. ಕಾರಿನ ಕಂಪ್ಯೂಟರಿನ ಪಟ್ಟಿಯಲ್ಲಿ ಆ ಗುರುತು ಇದ್ದರೆ ಇಂಜಿನ್ ಶುರು. ಇಲ್ಲದಿದ್ದರೆ ಕೆಲವು ಕಾರುಗಳಲ್ಲಿ ಸ್ಟಾರ್ಟರ್ ತಿರುಗುವುದೇ ಇಲ್ಲ, ಕೆಲವು ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿನಲ್ಲಿ ಆಫ್ ಆಗುತ್ತವೆ. ಇದಕ್ಕೇ ಇಮೊಬಿಲೈಜರ್ ಅನ್ನುವುದು. ಯುರೋಪ್ ಒಕ್ಕೂಟದಲ್ಲಿ 1998ರಿಂದ, ಆಸ್ಟ್ರೇಲಿಯಾದಲ್ಲಿ 2001ರಿಂದ, ಕೆನಡಾದಲ್ಲಿ 2007ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ಅಮೆರಿಕದಲ್ಲಿ ಅಂಥ ಕಡ್ಡಾಯ ಇಲ್ಲ. ಹಾಗಾಗಿ 2011ರಿಂದ 2021ರವರೆಗಿನ ಎಷ್ಟೋ ಕಿಯಾ, ಹ್ಯುಂಡೈ ಕಾರುಗಳು ಅಲ್ಲಿ ಇಮೊಬಿಲೈಜರ್ ಇಲ್ಲದೆಯೇ ಮಾರಾಟವಾದವು. ಅಂಥ ಕಾರಿಗೆ ಬರೀ ಲೋಹದ ಕೀ ಸಾಕು. ಕೀ ಮಾಡಿಸುವುದೇನೋ ಅಗ್ಗ, ಆದರೆ ಕದಿಯುವುದೂ ಅಷ್ಟೇ ಸುಲಭ.

ನಿಮ್ಮದರಲ್ಲಿ ಚಿಪ್ ಇದೆಯೋ ಇಲ್ಲವೋ ತಿಳಿಯಲು ಓನರ್ಸ್ ಮ್ಯಾನ್ಯುಯಲ್ ನೋಡಿ. ಅದೂ ಸಿಗದಿದ್ದರೆ ಕೀ ತಲೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಒಂದೆರಡು ಸುತ್ತು ಬಿಗಿಯಾಗಿ ಸುತ್ತಿ ಕಾರು ಸ್ಟಾರ್ಟ್ ಮಾಡಿ ನೋಡಿ. ಫಾಯಿಲ್ ಇದ್ದಾಗ ಆಗದೆ, ತೆಗೆದಾಗ ಆದರೆ ಚಿಪ್ ಇದೆ ಅಂತ ಅರ್ಥ.

ಇನ್ನು ಖರ್ಚಿನ ವಿಷಯ. ಅಂಗಡಿಯವರು ಒಂದೇ ಮೊತ್ತ ಹೇಳುತ್ತಾರೆ, ಆದರೆ ಅದರೊಳಗೆ ಮೂರು ಕೆಲಸ ಇವೆ. ಲೋಹದ ಅಲಗನ್ನು ಕತ್ತರಿಸುವುದು ಒಂದು, ಚಿಪ್ಪನ್ನು ಕಾರಿಗೆ ಪರಿಚಯಿಸುವುದು ಇನ್ನೊಂದು, ಬಾಗಿಲು ತೆರೆಯುವ ರಿಮೋಟನ್ನು ಜೋಡಿಸುವುದು ಮತ್ತೊಂದು. ಮೂರಕ್ಕೂ ಬೇರೆ ಬೇರೆ ರೇಟು ಕೇಳಿ. ಸಾಮಾನ್ಯವಾಗಿ ಜಾಸ್ತಿ ಆಗುವುದು ರಿಮೋಟಿನಿಂದಲೇ. ಎರಡನೇ ಕೀ ಮನೆಯಲ್ಲಿ ಮೊಳೆಗೆ ನೇತುಹಾಕಲು ಮಾತ್ರ ಅಂತಾದರೆ ಅದಕ್ಕೆ ಬಟನ್ ಯಾಕೆ? ಅಲಗು ಮತ್ತು ಚಿಪ್ ಇರುವ, ರಿಮೋಟ್ ಇಲ್ಲದ ಕೀ ಕೊಡಿ ಅಂತ ಕೇಳಿ. ಕೈಯಿಂದ ಬಾಗಿಲು ತೆರೆಯುತ್ತದೆ, ಕಾರು ಸ್ಟಾರ್ಟ್ ಆಗುತ್ತದೆ, ಇನ್ನೇನು ಬೇಕು? ಕೀ ತಿರುಗಿಸುವ ಕಾರುಗಳಿಗೆ ನನ್ನ ಮೊದಲ ಸಲಹೆ ಇದೇ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಈ ದಾರಿ ಇಲ್ಲ, ಪೂರ್ತಿ ಸ್ಮಾರ್ಟ್ ಕೀಯನ್ನೇ ಕೊಳ್ಳಬೇಕು.

ಹೊಸ ಕೀ ಬೇಕು ಅಂತ ಓಡುವ ಮೊದಲು ಹಳೆಯದರ ಸೆಲ್ ಬದಲಾಯಿಸಿ ನೋಡಿ. "ಕೀ ಹಾಳಾಗಿದೆ" ಅಂತ ಹೇಳುವವರಲ್ಲಿ ಎಷ್ಟೋ ಜನರಿಗೆ ಸೆಲ್ ಮುಗಿದಿರುತ್ತದೆ, ಅಷ್ಟೇ. ಹೆಚ್ಚಿನ ರಿಮೋಟುಗಳಲ್ಲಿ ಸಿಆರ್2032 ಅಥವಾ ಸಿಆರ್2025 ಇರುತ್ತದೆ. ಎರಡೂ 20 ಮಿಲಿಮೀಟರ್ ಅಗಲ. ಮೊದಲನೆಯದು 3.2, ಎರಡನೆಯದು 2.5 ಮಿಲಿಮೀಟರ್ ದಪ್ಪ. ಒಂದರ ಜಾಗಕ್ಕೆ ಇನ್ನೊಂದನ್ನು ತುರುಕಬೇಡಿ. ಚಿಪ್ಪಿಗೆ ಸೆಲ್ ಬೇಕಿಲ್ಲ ಅಂತ ಮೇಲೆ ಹೇಳಿದೆನಲ್ಲ, ಹಾಗಾಗಿ ಸೆಲ್ ಸತ್ತರೂ ಕಾರು ಸ್ಟಾರ್ಟ್ ಆಗಬೇಕು. ಬಟನ್ ಸ್ಟಾರ್ಟ್ ಕಾರಿನ ಸ್ಮಾರ್ಟ್ ಕೀ ಒಳಗೆ ಬಾಗಿಲು ತೆರೆಯಲು ಒಂದು ಸಣ್ಣ ಅಲಗು ಅಡಗಿರುತ್ತದೆ. ಅದರಿಂದ ಒಳಗೆ ಹೋಗಿ, ಕೀಯನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದರೆ ಅನೇಕ ಕಾರುಗಳು ಶುರುವಾಗುತ್ತವೆ. ಕೆಲವು ಕಾರುಗಳಲ್ಲಿ ತಾಗಿಸುವ ಜಾಗ ಬೇರೆ ಕಡೆ ಇರುತ್ತದೆ, ಮ್ಯಾನ್ಯುಯಲ್‌ನಲ್ಲಿ ಚಿತ್ರ ಇದೆ.

ಪ್ಲಾಸ್ಟಿಕ್ ಮಾತ್ರ ಒಡೆದಿದ್ದರೆ, ಬಟನ್ ಸವೆದಿದ್ದರೆ, ಆನ್‌ಲೈನ್‌ನಲ್ಲಿ ಒಳಗೆ ಏನೂ ಇಲ್ಲದ ಬರೀ ಕವಚ ತೀರಾ ಅಗ್ಗಕ್ಕೆ ಸಿಗುತ್ತದೆ. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಹಳೆಯದನ್ನು ಬಿಚ್ಚಿ, ಸರ್ಕ್ಯೂಟ್ ಬೋರ್ಡ್ ಹೊಸ ಕವಚಕ್ಕೆ ಹಾಕಿ, ಹಳೆಯದನ್ನು ಕಸದ ಬುಟ್ಟಿಗೆ ಎಸೆಯುತ್ತಾರೆ. ರಿಮೋಟ್ ಚೆನ್ನಾಗಿ ಕೆಲಸ ಮಾಡುತ್ತದೆ, ಕಾರು ಮಾತ್ರ ಸ್ಟಾರ್ಟ್ ಆಗೋದಿಲ್ಲ. ಯಾಕೆ ಅಂದರೆ ಅನೇಕ ಕೀಗಳಲ್ಲಿ ಇಮೊಬಿಲೈಜರ್ ಚಿಪ್ ಆ ಬೋರ್ಡಿನಲ್ಲಿ ಇರುವುದಿಲ್ಲ. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ತುಂಡು, ಅಥವಾ ಸಣ್ಣ ಗಾಜಿನ ಕೊಳವೆ, ಕವಚದ ಮೂಲೆಯ ಗೂಡಿನಲ್ಲಿ ಬೇರೆಯಾಗಿ ಕೂತಿರುತ್ತದೆ. ಕೆಲವದರಲ್ಲಿ ಅಂಟು ಹಾಕಿ ಕೂರಿಸಿರುತ್ತಾರೆ. ಬೆಳಕು ಚೆನ್ನಾಗಿರುವ ಕಡೆ ಬಟ್ಟೆ ಹಾಸಿ ಬಿಚ್ಚಿ, ಪ್ರತಿ ಗೂಡನ್ನೂ ನೋಡಿ. ಚಿಪ್ ಅಂಟಿಕೊಂಡಿದ್ದರೆ ಚಾಕುವಿನಿಂದ ಮೀಟಬೇಡಿ, ಸುತ್ತಲಿನ ಪ್ಲಾಸ್ಟಿಕ್ಕನ್ನೇ ಕತ್ತರಿಸಿ ತೆಗೆಯಿರಿ. ಚಿಪ್ ಬಿರುಕು ಬಿಟ್ಟರೆ ಅಗ್ಗದ ಕೆಲಸ ದುಬಾರಿ ಆಗುತ್ತದೆ. ಹೊಸ ಕೀಯಲ್ಲಿ ಕಾರು ಸ್ಟಾರ್ಟ್ ಆಗುವವರೆಗೆ ಹಳೆಯ ಕವಚ ಎಸೆಯಲೇಬೇಡಿ.

ಪೂರ್ತಿ ಹೊಸ ಕೀಗೆ ಎಲ್ಲಿಗೆ ಹೋಗಬೇಕು? ಡೀಲರ್ ಹತ್ತಿರ ಹೋದರೆ ತಲೆನೋವು ಕಡಿಮೆ, ಬಿಲ್ಲು ಜಾಸ್ತಿ. ಕಾರಿನ ವಿನ್ ನಂಬರ್ ಕೊಟ್ಟರೆ ಸರಿಯಾದ ಕೀಯನ್ನೇ ತರಿಸುತ್ತಾರೆ. ಇದು 17 ಅಕ್ಷರ ಮತ್ತು ಅಂಕಿಗಳ ನಂಬರು, ಮುಂದಿನ ಗಾಜಿನ ಕೆಳಮೂಲೆಯಲ್ಲೂ ನೋಂದಣಿ ಕಾಗದದಲ್ಲೂ ಇರುತ್ತದೆ. ಕೆಲವು ಯುರೋಪಿಯನ್ ಬ್ರ್ಯಾಂಡುಗಳ ಹೊಸ ಮಾದರಿಗಳಿಗೆ ಡೀಲರ್ ಅಥವಾ ಅದೇ ಬ್ರ್ಯಾಂಡಿನಲ್ಲಿ ಪಳಗಿದವರು ಬಿಟ್ಟರೆ ಬೇರೆ ದಾರಿ ಕಡಿಮೆ. ಉಳಿದ ಸಾಮಾನ್ಯ ಕಾರುಗಳಿಗೆ ಕಾರ್ ಕೀಗಳನ್ನೇ ಮಾಡುವ ಲಾಕ್‌ಸ್ಮಿತ್ ಒಳ್ಳೆಯ ಆಯ್ಕೆ. ಮನೆ ಬೀಗ ಮಾಡುವ ಎಲ್ಲರ ಹತ್ತಿರವೂ ಕಾರಿಗೆ ಬೇಕಾದ ಯಂತ್ರ ಇರುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಹಾರ್ಡ್‌ವೇರ್ ಅಂಗಡಿಗಳಲ್ಲೂ ಕೆಲವು ಕಡೆ ಚಿಪ್ ನಕಲು ಮಾಡುವ ಯಂತ್ರ ಇದೆ. ಅಲ್ಲಿ ಆಗುವುದು ಕ್ಲೋನ್, ಅಂದರೆ ನಿಮ್ಮ ಕೀಯ ಗುರುತನ್ನೇ ಹೊಸ ಚಿಪ್ಪಿಗೆ ಬರೆಯುತ್ತಾರೆ. ಕಾರಿಗೆ ಎರಡೂ ಒಂದೇ ಕೀ. ಕಾರನ್ನು ಮುಟ್ಟುವ ಅಗತ್ಯವಿಲ್ಲ, ಹಾಗಾಗಿ ಅಗ್ಗ. ದಿನಬಳಕೆಗೆ ಏನೂ ತೊಂದರೆ ಇಲ್ಲ. ಆದರೆ ಮುಂದೆ ಹೇಳುವ ಸ್ವಂತ ಪ್ರೋಗ್ರಾಮಿಂಗ್ ಥರ ಎರಡು ಬೇರೆ ಕೀ ಬೇಕು ಅನ್ನುವ ಕಡೆ ಇದು ಎರಡನೆಯದಾಗಿ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲ ಚಿಪ್ಪುಗಳನ್ನೂ ಹೀಗೆ ನಕಲು ಮಾಡಲು ಬರುವುದೂ ಇಲ್ಲ.

ಲಾಕ್‌ಸ್ಮಿತ್‌ಗೆ ಫೋನ್ ಮಾಡುವಾಗ ಸುಮ್ನೆ "ಕೀಗೆ ಎಷ್ಟು?" ಅಂತ ಕೇಳಬೇಡಿ. ಹಾಗೆ ಕೇಳಿದರೆ ಸಿಗುವುದು ಬಾಯಿಗೆ ಬಂದ ಕಡಿಮೆ ರೇಟು. ಅವರು ಮನೆ ಮುಂದೆ ಬಂದು ಕೆಲಸ ಮುಗಿಸಿದ ಮೇಲೆ ಅದು ಹಲವು ಪಟ್ಟಾಗುತ್ತದೆ. ಈ ಆಟ ಎಲ್ಲ ಊರಲ್ಲೂ ಇದೆ. ಕಾರಿನ ಹೆಸರು, ಮಾದರಿ, ವರ್ಷ ಹೇಳಿ. ತಿರುಗಿಸುವ ಕೀಯೋ ಬಟನ್ ಸ್ಟಾರ್ಟೋ ಹೇಳಿ. ಕೆಲಸ ಮಾಡುವ ಒಂದು ಕೀ ಇದೆ ಅಂತ ಒತ್ತಿ ಹೇಳಿ. ಆಮೇಲೆ, ಕೀ, ಕಟಿಂಗ್, ಪ್ರೋಗ್ರಾಮಿಂಗ್, ಬಂದುಹೋಗುವ ಚಾರ್ಜು, ತೆರಿಗೆ ಎಲ್ಲ ಸೇರಿ ಕೊನೆಯ ಮೊತ್ತ ಎಷ್ಟು, ನಾನೇ ಕಾರು ತಂದರೆ ಎಷ್ಟು ಕಮ್ಮಿ ಅಂತ ಕೇಳಿ. ಆ ಮೊತ್ತವನ್ನು ಮೆಸೇಜ್ ಮಾಡಿ ಅನ್ನಿ. ಮೆಸೇಜ್ ಮಾಡಲು ಹಿಂದೆ ಮುಂದೆ ನೋಡುವವರನ್ನು ಅಲ್ಲೇ ಬಿಡಿ. ಇಂಗ್ಲಿಷ್ ಮಾತಿನಲ್ಲಿ ಇನ್ನೂ ಅಳುಕಿದ್ದರೆ ಫೋನಿಗಿಂತ ಮೆಸೇಜೇ ಅನುಕೂಲ, ಅಲ್ವಾ?

ಹೋಗುವಾಗ ನಿಮ್ಮ ಫೋಟೋ ಐಡಿ ಮತ್ತು ನಿಮ್ಮ ಹೆಸರಿನಲ್ಲಿರುವ ನೋಂದಣಿ ಕಾಗದ ಜೊತೆಗಿರಲಿ. ಕಾರು ನಿಮ್ಮದೇ ಅನ್ನುವುದಕ್ಕೆ ದಾಖಲೆ ಕೇಳದೆ ಕೀ ಮಾಡಿಕೊಡುವವರ ಹತ್ತಿರ ಹೋಗದಿರುವುದೇ ಒಳ್ಳೆಯದು. ಕಾರು ಇನ್ನೂ ಹಳೆಯ ಮಾಲೀಕರ ಹೆಸರಿನಲ್ಲಿದ್ದರೆ ಮೊದಲು ಅದನ್ನು ಬದಲಾಯಿಸಿಕೊಳ್ಳಿ.

ಸ್ವಂತವಾಗಿ ಪ್ರೋಗ್ರಾಂ ಮಾಡಲು ಆಗುತ್ತದೆಯಾ ಅಂತ ಬಹಳ ಜನ ಕೇಳುತ್ತಾರೆ. ಕೆಲವು ಕಾರುಗಳಲ್ಲಿ ಆಗುತ್ತದೆ, ಆದರೆ ಅವುಗಳಲ್ಲಿ ಹಲವಕ್ಕೆ ಕೆಲಸ ಮಾಡುವ ಎರಡು ಕೀ ಬೇಕು. ಫೋರ್ಡ್‌ನ ಅನೇಕ ಹಳೆಯ ಮಾದರಿಗಳಲ್ಲಿ ಕ್ರಮ ಹೀಗಿದೆ: ಮೊದಲ ಕೀ ಹಾಕಿ ಆನ್‌ಗೆ ತಿರುಗಿಸಿ 3 ಸೆಕೆಂಡಾದರೂ ಬಿಟ್ಟು ಆಫ್ ಮಾಡಿ ತೆಗೆಯಬೇಕು. 10 ಸೆಕೆಂಡಿನೊಳಗೆ ಎರಡನೇ ಕೀಯಲ್ಲೂ ಹಾಗೇ ಮಾಡಬೇಕು. ತಡಮಾಡದೆ ಹೊಸ ಕೀ ಹಾಕಿ ಆನ್ ಮಾಡಬೇಕು. ಡ್ಯಾಶ್‌ಬೋರ್ಡಿನ ಸೆಕ್ಯುರಿಟಿ ದೀಪ ಕೆಲವು ಸೆಕೆಂಡು ಹತ್ತಿ ಆರಿದರೆ ಕೆಲಸ ಆಯಿತು, ಪಟಪಟ ಮಿಟುಕಿದರೆ ಆಗಲಿಲ್ಲ. ಈ ಮೂರು ಕೀಗಳೂ ಒಂದೇ ರಿಂಗಿನಲ್ಲಿ ಇರಬಾರದು. ಪಕ್ಕದ ಚಿಪ್ ಅಡ್ಡಬಂದು ಕಾರು ಗೊಂದಲಕ್ಕೆ ಬೀಳುತ್ತದೆ. ನಿಮ್ಮ ಮಾದರಿಯ ಸಮಯ ಬೇರೆ ಇರಬಹುದು, ಮ್ಯಾನ್ಯುಯಲ್ ಹೇಳಿದ್ದೇ ಕೊನೆ. ಎರಡು ಕೀ ಇರುವಾಗಲೇ ಮೂರನೆಯದನ್ನು ಮಾಡಿಟ್ಟುಕೊಂಡವರು ಜಾಣರು. ಒಂದು ಕಳೆದ ಮೇಲೆ ಈ ಬಾಗಿಲು ಮುಚ್ಚಿಹೋಗುತ್ತದೆ.

ಜನರಲ್ ಮೋಟರ್ಸ್‌ನ ಕೆಲವು ಹಳೆಯ ಕಾರುಗಳಲ್ಲಿ ಕೆಲಸ ಮಾಡುವ ಕೀ ಒಂದೂ ಇಲ್ಲದಿದ್ದರೂ ದಾರಿ ಇದೆ. ಕತ್ತರಿಸಿದ ಹೊಸ ಕೀಯನ್ನು ಆನ್ ಮಾಡಿ ಸೆಕ್ಯುರಿಟಿ ದೀಪ ಆರುವವರೆಗೆ ಸುಮಾರು 10 ನಿಮಿಷ ಕಾಯುವುದು, ಆಫ್ ಮಾಡುವುದು, ಹೀಗೆ ಮೂರು ಸಲ. ಕಾರಿನ ಬ್ಯಾಟರಿ ಗಟ್ಟಿಯಾಗಿರಬೇಕು. ಹಳೆಯ ಕೀಗಳ ಗುರುತು ಇದರಿಂದ ಅಳಿಸಿಹೋಗುತ್ತದೆ.

ಆನ್‌ಲೈನ್‌ನಲ್ಲಿ ಕೀ ಕೊಂಡು ಬೇರೆಯವರ ಹತ್ತಿರ ಪ್ರೋಗ್ರಾಂ ಮಾಡಿಸಿದರೆ ಉಳಿತಾಯ ಇದೆ, ಆದರೆ ಮೊದಲೇ ಲಾಕ್‌ಸ್ಮಿತ್‌ನನ್ನು "ನಾನು ತಂದ ಕೀಗೆ ಮಾಡಿಕೊಡ್ತೀರಾ?" ಅಂತ ಕೇಳಿ. ಆಗದಿದ್ದರೆ ಜವಾಬ್ದಾರಿ ನಿಮ್ಮದೇ ಅನ್ನುತ್ತಾರೆ, ಅದು ಸರಿಯೇ. ರಿಮೋಟಿನ ಫ್ರೀಕ್ವೆನ್ಸಿ ಹೊಂದಬೇಕು. ಉತ್ತರ ಅಮೆರಿಕದ ಅನೇಕ ಕಾರುಗಳದ್ದು 315 ಮೆಗಾಹರ್ಟ್ಸ್, ಯುರೋಪಿನವುಗಳದ್ದು ಸಾಮಾನ್ಯವಾಗಿ 433.92. ನೋಡಲು ಎರಡೂ ಒಂದೇ ಥರ, ಬೇರೆ ದೇಶದ್ದು ತರಿಸಿದರೆ ಬಟನ್ ಕೆಲಸ ಮಾಡೋದಿಲ್ಲ. ಅಮೆರಿಕದಲ್ಲಿ ರಿಮೋಟಿನ ಹಿಂದೆ ಎಫ್‌ಸಿಸಿ ಐಡಿ (ರೇಡಿಯೋ ಉಪಕರಣಗಳ ಸರ್ಕಾರಿ ಗುರುತಿನ ನಂಬರು) ಅಚ್ಚಾಗಿರುತ್ತದೆ, ಹಳೆಯದನ್ನೂ ಹೊಸದನ್ನೂ ಅಕ್ಷರ ಅಕ್ಷರ ಹೋಲಿಸಿ ನೋಡಿ. ಬಳಸಿದ ಸ್ಮಾರ್ಟ್ ಕೀ ಕೊಳ್ಳಬೇಡಿ. ಒಮ್ಮೆ ಒಂದು ಕಾರಿಗೆ ಜೋಡಿಯಾದ ಮೇಲೆ ಅವುಗಳಲ್ಲಿ ಎಷ್ಟೋ ಲಾಕ್ ಆಗಿಬಿಡುತ್ತವೆ.

ಎಲ್ಲ ಕೀಯೂ ಕಳೆದುಹೋಗಿದ್ದರೆ ಮೊದಲು ಇನ್ಶುರೆನ್ಸ್ ಕಾಗದ ತೆಗೆದು ಕೀ ಕವರ್ (ಕಳೆದ ಕೀಯ ಖರ್ಚು ಭರಿಸುವ ಸೌಲಭ್ಯ) ಇದೆಯಾ ನೋಡಿ, ರೋಡ್‌ಸೈಡ್ ಸಹಾಯ ಇದ್ದರೆ ಅವರಿಗೂ ಕೇಳಿ. ಕ್ಲೇಮ್ ಮಾಡುವ ಮೊದಲು ನಿಮ್ಮ ಕೈಯಿಂದ ಹೋಗುವ ಪಾಲು ಎಷ್ಟು ಅಂತ ಲೆಕ್ಕ ಹಾಕಿ, ಬಹಳ ಸಲ ಕೀ ಖರ್ಚು ಅದರೊಳಗೇ ಮುಗಿದುಹೋಗುತ್ತದೆ. ಕೀ ಕಳುವಾಗಿದ್ದರೆ, ಹೊಸದನ್ನು ಪ್ರೋಗ್ರಾಂ ಮಾಡುವಾಗ ಹಳೆಯ ಗುರುತನ್ನು ಕಾರಿನಿಂದ ಅಳಿಸಿ ಅಂತ ಹೇಳಲು ಮರೆಯಬೇಡಿ. ಅಳಿಸಿದರೂ ಹಳೆಯ ಅಲಗು ಬಾಗಿಲು ತೆರೆಯುತ್ತದೆ, ಹಾಗಾಗಿ ಬೆಲೆಬಾಳುವ ವಸ್ತು ಒಳಗೆ ಬಿಡಬೇಡಿ.

ಅಲಗು ಕತ್ತರಿಸುವಾಗ ಸವೆದ ಕೀಯ ನಕಲು ಬೇಡ. ನಕಲಿನಲ್ಲಿ ಸವೆತವೂ ಬರುತ್ತದೆ, ಮುಂದೆ ಬೀಗ ಸಿಕ್ಕಿಕೊಳ್ಳುತ್ತದೆ. ಅಲಗಿನ ಮೂಲ ಆಕಾರ ಹೇಳುವ ಕೀ ಕೋಡ್ ನೋಡಿ ಕತ್ತರಿಸಿ ಅನ್ನಿ. ಹೊಸ ಕಾರಿನ ಕೀ ಜೊತೆ ಒಂದು ಸಣ್ಣ ಲೋಹದ ಬಿಲ್ಲೆ ಬರುತ್ತದಲ್ಲ, ಅನೇಕ ಕಾರುಗಳಲ್ಲಿ ಆ ಕೋಡ್ ಅದರ ಮೇಲೇ ಇರುತ್ತದೆ. ಹಳೆಯ ಮಾಲೀಕರನ್ನು ಕೇಳಿ ಅದನ್ನು ಪಡೆದುಕೊಳ್ಳಿ, ಫೋಟೋ ತೆಗೆದಿಡಿ, ಆದರೆ ಅದನ್ನು ಕೀ ರಿಂಗಿನಲ್ಲಿ ಸಿಕ್ಕಿಸಬೇಡಿ. ದುಡ್ಡು ಕೊಡುವ ಮೊದಲು ಅಂಗಡಿ ಮುಂದೆಯೇ ಹೊಸ ಕೀಯಿಂದ ಬಾಗಿಲು, ಡಿಕ್ಕಿ ತೆರೆದು ನೋಡಿ, ಇಂಜಿನ್ ಒಂದು ನಿಮಿಷ ಓಡಿಸಿ. ಹಳೆಯ ಕೀ ಈಗಲೂ ಕೆಲಸ ಮಾಡುತ್ತದಾ ಅಂತಲೂ ನೋಡಿ. ಪ್ರೋಗ್ರಾಂ ಮಾಡುವಾಗ ಅದರ ಗುರುತು ಅಳಿಸಿಹೋಗಿದ್ದರೆ ಅಲ್ಲೇ ಸೇರಿಸಿಕೊಡುತ್ತಾರೆ. ಮನೆಗೆ ಬಂದ ಮೇಲೆ ಗೊತ್ತಾದರೆ ಇನ್ನೊಂದು ಬಿಲ್ಲು.