ಪೇರೆಂಟಿಂಗ್ ಸ್ಟೈಲ್ ಅಳೆಯುವ ಮುಂಚೆ ಪ್ರಶ್ನಾವಳಿಯನ್ನೇ ಪರೀಕ್ಷೆ ಮಾಡಿ

ಪೇರೆಂಟಿಂಗ್ ಸ್ಟೈಲ್, ಅಂದರೆ ಅಪ್ಪ ಅಮ್ಮ ಮಕ್ಕಳನ್ನು ಬೆಳೆಸುವ ರೀತಿಯ ಬಗ್ಗೆ ಪ್ರಾಜೆಕ್ಟ್ ಮಾಡುವವರು ಸಾಮಾನ್ಯವಾಗಿ ಮೊದಲು ಹುಡುಕುವುದು ಹೆಸರು ಮಾಡಿದ ಒಂದು ಪ್ರಶ್ನಾವಳಿಯನ್ನು. ಹಿಂದೆ ತುಂಬಾ ಜನ ಬಳಸಿದ್ದಾರೆ, ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ಹೇಳುವ ಸಂಖ್ಯೆ) 0.80 ದಾಟಿದೆ, ಇಷ್ಟು ಸಾಕು ಅಂತ ಮುಂದೆ ಹೋಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಳೆದದ್ದೇ ಬೇರೆ ಏನನ್ನೋ ಆಗಿದ್ದರೆ, ಆಮೇಲೆ ಎಂಥ ಅನಾಲಿಸಿಸ್ ಮಾಡಿದರೂ ಅದು ಸರಿಹೋಗುವುದಿಲ್ಲ.

ಮೊದಲ ಕೆಲಸ, ಪ್ರಶ್ನಾವಳಿಯ (ಸ್ಕೇಲಿನ) ಹೆಸರು ಮುಚ್ಚಿಟ್ಟು ಪ್ರಶ್ನೆಗಳನ್ನು ಒಂದೊಂದಾಗಿ ಓದುವುದು. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಅದು ನಿಜಕ್ಕೂ ಏನು ಕೇಳುತ್ತಿದೆ ಅಂತ ನಿಮ್ಮ ಮಾತಲ್ಲೇ ಬರೆದುಕೊಳ್ಳಿ.

ಇದು ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಉದಾಹರಣೆ ನೋಡಿ. ಹರೆಯದ ಮಕ್ಕಳ ಮೇಲೆ ಅಪ್ಪ ಅಮ್ಮ ಕಣ್ಣಿಟ್ಟರೆ ಮಕ್ಕಳು ದಾರಿ ತಪ್ಪುವುದು ಕಡಿಮೆ ಅಂತ ಸುಮಾರು ಸಂಶೋಧನೆಗಳು ಹೇಳುತ್ತಿದ್ದವು. ಆ ಪ್ರಶ್ನಾವಳಿಗಳಲ್ಲಿ ಇದ್ದದ್ದು ಎಂಥ ಪ್ರಶ್ನೆಗಳು? ನಿಮ್ಮ ಮಗ ಸಂಜೆ ಎಲ್ಲಿರುತ್ತಾನೆ ಗೊತ್ತಾ, ಯಾರ ಜೊತೆ ಓಡಾಡುತ್ತಾನೆ ಗೊತ್ತಾ, ಇಂಥವು. ಗೊತ್ತಿರುವುದೇ ಬೇರೆ, ಕಣ್ಣಿಡುವುದೇ ಬೇರೆ ಅಲ್ವಾ? 2000ರಲ್ಲಿ ಸಂಶೋಧಕರಾದ ಹೊಕಾನ್ ಸ್ಟ್ಯಾಟಿನ್ ಮತ್ತು ಮಾರ್ಗರೆಟ್ ಕೆರ್ ಸ್ವೀಡನ್ನಿನ 14 ವರ್ಷದ ಮಕ್ಕಳನ್ನೂ ಅವರ ಪೋಷಕರನ್ನೂ ಕೇಳಿ, ಈ ತಿಳಿವಳಿಕೆ ಪೋಷಕರಿಗೆ ಎಲ್ಲಿಂದ ಬರುತ್ತದೆ ಅಂತ ಬಿಡಿಸಿ ನೋಡಿದರು. ಹೆಚ್ಚಿನದು ಮಕ್ಕಳು ತಾವಾಗಿಯೇ ಹೇಳಿಕೊಂಡದ್ದು! ಪೋಷಕರು ಕೇಳಿ ತಿಳಿದುಕೊಂಡದ್ದಾಗಲಿ, ನಿಯಮ ಹಾಕಿ ತಿಳಿದುಕೊಂಡದ್ದಾಗಲಿ ಅಷ್ಟು ದೊಡ್ಡ ಪಾಲಲ್ಲ. ಅಂದರೆ ಪೋಷಕರ ಕೆಲಸ ಅಂತ ಹೆಸರಿಟ್ಟು ಅಳೆದದ್ದರಲ್ಲಿ ಮಕ್ಕಳ ಕೆಲಸವೂ ಸೇರಿಕೊಂಡಿತ್ತು. ಪ್ರಶ್ನೆಗಳನ್ನು ನಿಧಾನವಾಗಿ ಓದಿದ್ದರೆ ಈ ಅನುಮಾನ ಯಾರಿಗಾದರೂ ಬರಬಹುದಿತ್ತು.

ಆಮೇಲೆ ನಿಮ್ಮ ಪ್ರಶ್ನಾವಳಿ ಯಾವ ಮಾದರಿ ಮೇಲೆ ನಿಂತಿದೆ ಅಂತ ನೋಡಿ. ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್‌ರಿಂಡ್ 1960ರ ದಶಕದಲ್ಲಿ ಹೇಳಿದ್ದು ಮೂರು ಬಗೆ: ಅಥಾರಿಟೇಟಿವ್ (ಪ್ರೀತಿಯ ಜೊತೆ ಶಿಸ್ತೂ ಇರುವುದು), ಅಥಾರಿಟೇರಿಯನ್ (ಹೇಳಿದ್ದನ್ನು ಪ್ರಶ್ನಿಸದೆ ಕೇಳಬೇಕು ಅನ್ನುವುದು), ಪರ್ಮಿಸಿವ್ (ಹೆಚ್ಚು ಕಟ್ಟುಪಾಡು ಹಾಕದೆ ಬಿಡುವುದು). 1983ರಲ್ಲಿ ಮ್ಯಾಕೋಬಿ ಮತ್ತು ಮಾರ್ಟಿನ್ ಇದನ್ನು ಎರಡು ಅಳತೆಗಳಾಗಿ ಮಾಡಿದರು. ಒಂದು, ಮಗುವಿಗೆ ಎಷ್ಟು ಸ್ಪಂದಿಸುತ್ತಾರೆ. ಇನ್ನೊಂದು, ಮಗುವಿನಿಂದ ಎಷ್ಟು ನಿರೀಕ್ಷಿಸುತ್ತಾರೆ. ಆಗ ಎರಡೂ ಕಡಿಮೆ ಇರುವ, ಮಗುವಿನ ಗೊಡವೆಗೇ ಹೋಗದ ಪೋಷಕರು ನಾಲ್ಕನೇ ಬಗೆಯಾಗಿ ಸೇರಿದರು. ಈಗ ಸಂಶೋಧಕ ಜಾನ್ ಬೂರಿ 1991ರಲ್ಲಿ ಪ್ರಕಟಿಸಿದ, ಇವತ್ತಿಗೂ ಜಾಸ್ತಿ ಬಳಕೆಯಲ್ಲಿರುವ ಪೇರೆಂಟಲ್ ಅಥಾರಿಟಿ ಪ್ರಶ್ನಾವಳಿ ನೋಡಿ. 30 ಹೇಳಿಕೆಗಳು, ಒಂದೊಂದು ಬಗೆಗೆ 10. ಬಗೆಗಳು ಮೂರೇ. ಇದನ್ನು ಇಟ್ಟುಕೊಂಡು ನಾಲ್ಕನೇ ಗುಂಪಿನ ಬಗ್ಗೆ ನೀವು ಏನೂ ಹೇಳುವ ಹಾಗಿಲ್ಲ.

ನಿಯಂತ್ರಣ ಅನ್ನುವ ಪದ ಕಂಡರಂತೂ ಇನ್ನೂ ಹುಷಾರಾಗಿರಿ. ರಾತ್ರಿ ಇಷ್ಟು ಗಂಟೆಗೆ ಮನೆಗೆ ಬರಬೇಕು ಅನ್ನುವುದೂ ನಿಯಂತ್ರಣ, ಹೇಳಿದ ಮಾತು ಕೇಳಲಿಲ್ಲ ಅಂತ ಮಗುವಿನ ಜೊತೆ ಮಾತು ಬಿಡುವುದೂ ನಿಯಂತ್ರಣ. ಮೊದಲನೆಯದು ನಡವಳಿಕೆ ಮೇಲೆ, ಎರಡನೆಯದು ಮನಸ್ಸಿನ ಮೇಲೆ. ಎರಡನ್ನೂ ಒಂದೇ ಸ್ಕೋರಿಗೆ ಕೂಡಿಸಿದರೆ ಬರುವ ಸಂಖ್ಯೆಗೆ ಅರ್ಥವೇ ಇರಲ್ಲ.

ಉತ್ತರ ಕೊಡುವವರು ಯಾರು ಅನ್ನುವುದು ಮುಂದಿನ ಪ್ರಶ್ನೆ. ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಯೋಚನೆ ಮಾಡಬೇಕಾದದ್ದು ಇಲ್ಲೇ. ಬೂರಿಯ ಪ್ರಶ್ನಾವಳಿಯಲ್ಲಿ ದೊಡ್ಡವರಾದ ಮಕ್ಕಳು ಹಿಂದಿನದನ್ನು ನೆನಪಿಸಿಕೊಂಡು ಉತ್ತರಿಸುತ್ತಾರೆ. ಆದ್ದರಿಂದ ಸಿಗುವುದು ಅವರ ನೆನಪು, ಅಷ್ಟೇ. ಪೋಷಕರನ್ನೇ ಕೇಳಿದರೆ, ನಾನು ಮಗುವಿನ ಮೇಲೆ ಕೂಗಾಡುತ್ತೇನೆ ಅಂತ ಒಪ್ಪಿಕೊಳ್ಳೋದು ಯಾರಿಗೂ ಸುಲಭವಲ್ಲ. ಇನ್ನೊಂದು ತೊಂದರೆ ಇದೆ: ಮನಸ್ಸು ಕುಗ್ಗಿರುವ ಒಬ್ಬ ಹುಡುಗಿಯೇ ತನ್ನ ಖಿನ್ನತೆಯ ಫಾರ್ಮನ್ನೂ ಅಮ್ಮನ ಬಗ್ಗೆ ಇರುವ ಫಾರ್ಮನ್ನೂ ಒಂದೇ ಸಲ ಕೂತು ತುಂಬಿದರೆ, ಎರಡಕ್ಕೂ ಕಾಣುವ ನಂಟಿನಲ್ಲಿ ಸ್ವಲ್ಪ ಭಾಗ ಆ ದಿನದ ಅವಳ ಮನಸ್ಥಿತಿಯಿಂದಲೇ ಬಂದಿರಬಹುದು. ಮನಶ್ಶಾಸ್ತ್ರಜ್ಞರಾದ ಕ್ಯಾಂಪ್‌ಬೆಲ್ ಮತ್ತು ಫಿಸ್ಕ್ 1959ರಲ್ಲೇ ಹೇಳಿದ್ದು ಇದನ್ನೇ. ಒಂದೇ ಗುಣವನ್ನು ಬೇರೆ ಬೇರೆ ವಿಧಾನದಲ್ಲಿ ಅಳೆಯಿರಿ, ಆಗಲೂ ಹೊಂದಿಕೆ ಬರುತ್ತಾ ನೋಡಿ. ಆಗುವುದಾದರೆ ಮಗು ಮತ್ತು ಪೋಷಕರು ಇಬ್ಬರನ್ನೂ ಕೇಳಿ. ಉತ್ತರಗಳು ಹೊಂದದಿದ್ದರೆ ಗಾಬರಿ ಬೇಡ, ಸರಾಸರಿ ತೆಗೆದು ಮುಚ್ಚಿಹಾಕುವುದೂ ಬೇಡ. ಆ ವ್ಯತ್ಯಾಸವನ್ನು ಹಾಗೇ ವರದಿ ಮಾಡಿ.

ಆಲ್ಫಾ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆ ಅಂತ ಅದು ತೋರಿಸುತ್ತದೆ, ಸರಿಯಾದದ್ದನ್ನೇ ಅಳೆಯುತ್ತಿವೆ ಅಂತಲ್ಲ. ಒಂದೇ ಪ್ರಶ್ನೆಯನ್ನು ಮಾತು ತಿರುಗಿಸಿ ಆರು ಸಲ ಕೇಳಿದರೂ ಆಲ್ಫಾ ಚೆನ್ನಾಗೇ ಬರುತ್ತದೆ.

ಎರಡು ಗುಂಪುಗಳ ಸರಾಸರಿ ಹೋಲಿಸುವ ಯೋಚನೆ ಇದ್ದರೆ, ಅಂದರೆ ಬೇರೆ ಬೇರೆ ಭಾಷೆ, ಬೇರೆ ಸಂಸ್ಕೃತಿ, ಅಪ್ಪ ಮತ್ತು ಅಮ್ಮ, ಹೀಗೆ, ಮೊದಲು ಮೆಷರ್‌ಮೆಂಟ್ ಇನ್‌ವೇರಿಯನ್ಸ್ (ಪ್ರಶ್ನೆಗಳು ಎರಡೂ ಗುಂಪಿನಲ್ಲಿ ಒಂದೇ ವಿಷಯವನ್ನು ಒಂದೇ ಥರ ಅಳೆಯುತ್ತಿವೆಯಾ ಅನ್ನುವುದು) ಪರೀಕ್ಷೆ ಮಾಡಿ. 1994ರಲ್ಲಿ ಸಂಶೋಧಕಿ ರೂತ್ ಚಾವೋ ಎತ್ತಿದ್ದು ಇಂಥದೇ ಪ್ರಶ್ನೆ. ಚೀನೀ ಮೂಲದ ತಾಯಂದಿರಿಗೆ ಅಥಾರಿಟೇರಿಯನ್ ಸ್ಕೋರ್ ಜಾಸ್ತಿ ಬರುತ್ತಿತ್ತು, ಆದರೂ ಮಕ್ಕಳು ಓದಿನಲ್ಲಿ ಮುಂದಿದ್ದರು. ಅಲ್ಲಿನ ಕಟ್ಟುನಿಟ್ಟಿನ ಹಿಂದೆ ಮಗುವನ್ನು ತಿದ್ದಿ ಬೆಳೆಸುವ ಕಾಳಜಿ ಇದೆ, ಅದು ಈ ಸ್ಕೇಲಿಗೆ ಸಿಕ್ಕಿಲ್ಲ ಅಂತ ಅವರು ವಾದಿಸಿದರು.

ಸ್ಕೋರ್‌ಗಳನ್ನು ಮಧ್ಯಕ್ಕೆ ಕತ್ತರಿಸಿ ಸುಮ್ನೆ ನಾಲ್ಕು ಡಬ್ಬಿ ಮಾಡಬೇಡಿ. ಗೆರೆಯ ಈಚೆ ಒಂದು ಅಂಕ, ಆಚೆ ಒಂದು ಅಂಕ ಇರುವ ಇಬ್ಬರು ತಾಯಂದಿರು ಬೇರೆ ಬೇರೆ ಬಗೆಯವರಾಗಿಬಿಡುತ್ತಾರೆ. ಅಂಕಗಳನ್ನು ಇದ್ದ ಹಾಗೇ ಬಳಸಿ.

ಫಾರ್ಮ್ ಹಂಚುವ ಮುಂಚೆ ಇನ್ನೊಂದು ಕೆಲಸ ಮಾಡಿ. ನಿಮ್ಮ ಅಧ್ಯಯನದಲ್ಲಿ ಉತ್ತರಿಸಬೇಕಾದವರಂಥ ನಾಲ್ಕೈದು ಜನರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಪ್ರತಿ ಹೇಳಿಕೆ ಓದಿದಾಗ ಮನಸ್ಸಿಗೆ ಏನು ಬಂತು ಅಂತ ಜೋರಾಗಿ ಹೇಳಲು ಹೇಳಿ. ‘ಮಗುವಿನ ಅಭಿಪ್ರಾಯ ಕೇಳುತ್ತೇನೆ’ ಅನ್ನುವುದಕ್ಕೆ ಒಬ್ಬರು ಬಟ್ಟೆಯ ಬಣ್ಣ ಕೇಳುವುದನ್ನು ನೆನೆದು ಐದು ಅಂಕ ಕೊಡಬಹುದು, ಇನ್ನೊಬ್ಬರು ಯಾವ ಕೋರ್ಸ್ ಓದಬೇಕು ಅನ್ನುವುದನ್ನು ನೆನೆದು ಎರಡು ಕೊಡಬಹುದು. ಅಂಥ ಹೇಳಿಕೆಗೆ ಗುರುತು ಹಾಕಿ, ಹಂಚುವ ಮುಂಚೆ ನಿಮ್ಮ ಗೈಡ್ ಜೊತೆ ಕೂತು ಏನು ಮಾಡುವುದು ಅಂತ ತೀರ್ಮಾನಿಸಿ. ಹೇಳಿಕೆಯ ಪದಗಳನ್ನು ಬದಲಿಸಿದರೆ ಅದನ್ನು ವರದಿಯಲ್ಲಿ ಬರೆಯಿರಿ.