ತಟ್ಟೆ, ಚಮಚ, ಎರಡು ಮೊಬೈಲ್

ಹೊಸನಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮಲ್ಲಿ ನೆಟ್‌ವರ್ಕ್ ಬೇಕೆಂದರೆ ಹಿಂದಿನ ದರೆ ಹತ್ತಬೇಕು. ಮಳೆಗಾಲದಲ್ಲಿ ಅಲ್ಲೂ ಸಿಗುವುದಿಲ್ಲ. ಮೊದಮೊದಲು ನಾನೂ ಮೊಬೈಲ್‌ನಲ್ಲಿ ವಿಡಿಯೊ ತೋರಿಸಲು ಹೋದೆ. ಅದು ಸುತ್ತುತ್ತಾ ನಿಲ್ಲುತ್ತಿತ್ತು, ಮಕ್ಕಳು ಕಿಟಕಿ ಕಡೆ ನೋಡುತ್ತಿದ್ದರು.

ಆಮೇಲೆ ಫೈಫಾಕ್ಸ್ ಆ್ಯಪ್ ಸಿಕ್ಕಿತು. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದದ್ದು, ದುಡ್ಡು ಕೊಡಬೇಕಿಲ್ಲ. ಮೊಬೈಲ್ ಒಳಗಿರುವ ಮೈಕ್, ಸೆನ್ಸರ್‌ಗಳನ್ನೇ ಅಳತೆಯ ಸಾಧನ ಮಾಡಿಕೊಡುತ್ತದೆ. ಪೇಟೆಗೆ ಹೋದಾಗ ಒಮ್ಮೆ ಇಳಿಸಿಕೊಂಡರೆ ಸಾಕು, ಮತ್ತೆ ನೆಟ್ ಬೇಡ.

ಒಂಬತ್ತನೇ ತರಗತಿಯಲ್ಲಿ ಶಬ್ದದ ಪಾಠ ಇದೆ. ಗಾಳಿಯಲ್ಲಿ ಶಬ್ದದ ವೇಗ 22 ಡಿಗ್ರಿಯಲ್ಲಿ ಸೆಕೆಂಡಿಗೆ 344 ಮೀಟರ್ ಎಂದು ಪುಸ್ತಕ ಹೇಳುತ್ತದೆ. ಅದನ್ನು ನಾವೇ ಅಳೆಯೋಣ ಎಂದೆ. ಆ್ಯಪ್‌ನಲ್ಲಿ ಅಕೂಸ್ಟಿಕ್ ಸ್ಟಾಪ್‌ವಾಚ್ ಅಂತ ಒಂದಿದೆ. ಒಂದು ಸದ್ದಿಗೆ ಶುರುವಾಗಿ ಇನ್ನೊಂದು ಸದ್ದಿಗೆ ನಿಲ್ಲುತ್ತದೆ. ನನ್ನದೊಂದು, ಸಹೋದ್ಯೋಗಿಯದೊಂದು ಮೊಬೈಲನ್ನು 12 ಮೀಟರ್ ದೂರದಲ್ಲಿ ಇಟ್ಟೆವು. ಮೊದಲ ಮೊಬೈಲಿನ ಪಕ್ಕ ಒಬ್ಬ ಸದ್ದು ಮಾಡಬೇಕು, ಆಮೇಲೆ ಎರಡನೆಯದರ ಪಕ್ಕ ಇನ್ನೊಬ್ಬಳು. ಮೊದಲ ಸದ್ದು ದೂರದ ಮೊಬೈಲಿಗೆ ತಡವಾಗಿ ಮುಟ್ಟುವುದರಿಂದ ಅದು ತಡವಾಗಿ ಶುರುವಾಗುತ್ತದೆ. ಎರಡನೇ ಸದ್ದು ಇತ್ತ ಬರುವಾಗಲೂ ಅಷ್ಟೇ ತಡ, ಹಾಗಾಗಿ ಮೊದಲ ಮೊಬೈಲ್ ತಡವಾಗಿ ನಿಲ್ಲುತ್ತದೆ. ಎರಡೂ ತೋರಿಸುವ ಸಮಯದ ವ್ಯತ್ಯಾಸವೇ ಶಬ್ದ ಹೋಗಿ ಬರಲು ಹಿಡಿದ ಹೊತ್ತು. ಗಡಿಯಾರಗಳನ್ನು ಹೊಂದಿಸುವ ತಲೆನೋವೇ ಇಲ್ಲ. ಇದು ನನಗೆ ಎಷ್ಟು ಇಷ್ಟವಾಯಿತೆಂದರೆ, ಹಿಂದಿನ ರಾತ್ರಿ ಮನೆಯ ಜಗುಲಿಯಲ್ಲೇ ನಾಲ್ಕು ಸಲ ಮಾಡಿ ನೋಡಿದ್ದೆ.

ಆದರೆ ಜುಲೈಯಲ್ಲಿ ಶಾಲೆಯಲ್ಲಿ ಮಾಡಿದಾಗ ಪೂರ್ತಿ ಕೆಟ್ಟಿತು. ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತಿತ್ತು. ನಾವು ಚಪ್ಪಾಳೆ ತಟ್ಟುವ ಮೊದಲೇ ಮಳೆಯ ಸದ್ದಿಗೆ ವಾಚು ಓಡತೊಡಗಿತು. ಎಷ್ಟು ಜೋರಿನ ಸದ್ದಿಗೆ ಶುರುವಾಗಬೇಕು ಅನ್ನುವ ಮಿತಿ ಆ್ಯಪ್‌ನಲ್ಲೇ ಇದೆ. ಅದನ್ನು ಏರಿಸಿದರೆ ದೂರದ ಚಪ್ಪಾಳೆ ಕೇಳಿಸದು, ಇಳಿಸಿದರೆ ಮಳೆ ಬಿಡದು. ಕೊನೆಗೆ ಡಿಸೆಂಬರ್‌ವರೆಗೆ ಕಾದೆವು. ಚಪ್ಪಾಳೆ ಬಿಟ್ಟು ಬಿಸಿಯೂಟದ ಸ್ಟೀಲ್ ತಟ್ಟೆಗೆ ಚಮಚದಿಂದ ಒಂದೇ ಪೆಟ್ಟು ಹೊಡೆದೆವು. ನೀವೂ ಮಾಡುವುದಾದರೆ ತಟ್ಟೆಯೇ ತಗೊಳ್ಳಿ, ಮೊದಲ ಸದ್ದು ಪೂರ್ತಿ ಅಡಗಿದ ಮೇಲೆ ಎರಡನೆಯದನ್ನು ಹೊಡೆಯಿರಿ.

ಒಂದು ಸಲ 0.064 ಸೆಕೆಂಡ್ ಬಂತು, ಇನ್ನೊಂದು ಸಲ 0.078. ಮಕ್ಕಳು ಮುಖ ಚಿಕ್ಕದು ಮಾಡಿಕೊಂಡರು. ಹತ್ತು ಸಲ ಮಾಡಿ ಸರಾಸರಿ ತೆಗೆದಾಗ 0.070. ಹೋಗಿ ಬಂದ 24 ಮೀಟರನ್ನು ಅದರಿಂದ ಭಾಗಿಸಿದರೆ ಸುಮಾರು 343! ಲೆಕ್ಕ ಅಂದರೆ ಹಿಂದೆ ಸರಿಯುತ್ತಿದ್ದ ಹುಡುಗಿ ಬೋರ್ಡಿನ ಮುಂದೆ ನಿಂತು ಇನ್ನೊಮ್ಮೆ ಭಾಗಿಸಿ ನೋಡಿದಳು.

ಮಕ್ಕಳ ಮನೆಯ ಮೊಬೈಲು ಹಗಲೆಲ್ಲ ಅಪ್ಪನ ಜೇಬಲ್ಲಿ ಇರುತ್ತದೆ. ಹಾಗಾಗಿ ಮನೆಗೆಲಸಕ್ಕೆ ಮೊಬೈಲ್ ಕೇಳುವುದಿಲ್ಲ. ಮಿಂಚಿದ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ ಎಂದಿದ್ದೇನೆ. ಮೂರು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ದೂರ.

ಚಳಿಯಲ್ಲಿ ವೇಗ ಕಡಿಮೆ ಆಗಬೇಕಲ್ವಾ ಸರ್ ಎಂದು ಒಬ್ಬ ಕೇಳಿದ. ಸೊನ್ನೆ ಡಿಗ್ರಿಯಲ್ಲಿ 331 ಎಂದು ಪುಸ್ತಕದಲ್ಲಿ ಓದಿದ್ದ. ಜನವರಿಯ ಇಬ್ಬನಿ ಬೆಳಿಗ್ಗೆ ಮತ್ತೆ ಅಳೆದೆವು. ಏನೂ ಗೊತ್ತಾಗಲಿಲ್ಲ. ಉಷ್ಣಾಂಶ ಏಳೆಂಟು ಡಿಗ್ರಿ ಇಳಿದರೆ ವೇಗ ನಾಲ್ಕೈದು ಮೀಟರ್ ಮಾತ್ರ ಇಳಿಯುತ್ತದೆ, ನಮ್ಮ ಅಳತೆಯ ಏರುಪೇರು ಅದಕ್ಕಿಂತ ಜಾಸ್ತಿ ಇತ್ತು. ದೂರ ಹೆಚ್ಚಿಸಿದರೆ ಆಗಬಹುದು ಎಂದು ಅವನೇ ಹೇಳಿದ. ಐವತ್ತು ಮೀಟರಿಗೆ ತಟ್ಟೆಯ ಸದ್ದು ಸಾಲದು. ಒಂದು ತುದಿಗೆ ಶಾಲೆಯ ಗಂಟೆ, ಇನ್ನೊಂದು ತುದಿಗೆ ಅವನ ಮನೆಯ ಜಾಗಟೆ ಎಂದು ಮಾತಾಗಿದೆ. ಬರುವ ಚಳಿಗಾಲಕ್ಕೆ ಕಾಯುತ್ತಿದ್ದೇವೆ.