ಹೊಸ ಪಿಕಪ್ ನೋಡೋಕೆ ಹೋದರೆ ಮೊದಲು ಬಾಗಿಲು ತೆರೆದು ಸ್ಟಿಕ್ಕರ್ ಓದಿ

ಹಳೇ ಪಿಕಪ್ ಕೊಟ್ಟು ಹೊಸ ಮಾಡೆಲ್ ತಗೊಳ್ಳೋ ಯೋಚನೆ ಇದ್ದರೆ, ಎರಡೂ ಗಾಡಿಯ ಡ್ರೈವರ್ ಬಾಗಿಲು ತೆರೆದು, ಬಾಗಿಲ ಚೌಕಟ್ಟಿನ ಕಂಬದ ಮೇಲಿರುವ ಸ್ಟಿಕ್ಕರ್‌ನ ಫೋಟೋ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಜನ, ಸಾಮಾನು ಸೇರಿ ಎಷ್ಟು ಕೆಜಿ ಹೊರಬಹುದು ಅಂತ ಅದರಲ್ಲಿರುತ್ತದೆ. ಗಾಡಿ, ಜನ, ಸಾಮಾನು ಎಲ್ಲಾ ಸೇರಿದ ಗರಿಷ್ಠ ಒಟ್ಟು ತೂಕ ಮಾತ್ರ ಇದ್ದರೆ ಅದರಿಂದ ಖಾಲಿ ಗಾಡಿಯ ತೂಕ ಕಳೆಯಿರಿ. ಬ್ರೋಷರ್‌ನಲ್ಲಿ ಸಾಮಾನ್ಯವಾಗಿ ಅತಿ ಹಗುರವಾದ ಮಾಡೆಲ್‌ನ ಲೆಕ್ಕ ಹಾಕಿರುತ್ತಾರೆ. ನಾಲ್ಕು ಬಾಗಿಲು, ಫೋರ್ ವೀಲ್ ಡ್ರೈವ್, ಸನ್‌ರೂಫ್ ಸೇರಿದಷ್ಟೂ ಗಾಡಿಯೇ ಭಾರವಾಗಿ, ಹೊರುವ ಶಕ್ತಿ ಇಳಿಯುತ್ತದೆ. ದೊಡ್ಡ ಸ್ಕ್ರೀನ್ ನೋಡಿ ಮರುಳಾಗೋದು ಸುಲಭ, ಅಲ್ವಾ! 75 ಕೆಜಿಯ ನಾಲ್ಕು ಜನ ಕೂತರೆ 300 ಕೆಜಿ ಹೋಯಿತು. 2000 ಕೆಜಿ ಟ್ರೇಲರ್ ಕಟ್ಟಿದರೆ ಕೊಕ್ಕೆಯ ಮೇಲೆ ಬೀಳುವ ಭಾರವೇ ಸುಮಾರು 200ರಿಂದ 300 ಕೆಜಿ, ಅದೂ ಇದೇ ಲೆಕ್ಕಕ್ಕೆ. ಉಳಿದದ್ದರಲ್ಲಿ ನಿಮ್ಮ ಸಾಮಾನು. ಆಮೇಲೆ ಹಾಕಿಸಿದ ಕ್ಯಾನೊಪಿ (ಹಿಂದಿನ ತೊಟ್ಟಿಯ ಮೇಲಿನ ಮುಚ್ಚಿಗೆ), ಕಬ್ಬಿಣದ ಬಂಪರ್ ಸ್ಟಿಕ್ಕರ್‌ಗೆ ಗೊತ್ತಿರಲ್ಲ, ನೀವೇ ಕಳೆಯಬೇಕು. ಹಳೇ ಗಾಡಿಯ ಚಾಸಿಗೆ ತುಕ್ಕು ಹಿಡಿದಿದ್ದರೆ ಮಾತ್ರ ಈ ಹೋಲಿಕೆ ಸುಮ್ನೆ. ಕೆಳಗೆ ತೂರಿ ಸ್ಕ್ರೂಡ್ರೈವರ್‌ನಿಂದ ಗಟ್ಟಿಯಾಗಿ ಚುಚ್ಚಿ; ಪದರ ಪದರವಾಗಿ ಉದುರಿದರೆ ಅಥವಾ ತುದಿ ಒಳಗೆ ಹೋದರೆ ಸ್ಟಿಕ್ಕರ್‌ನಲ್ಲಿ ಏನಿದ್ದರೂ ಲೆಕ್ಕಕ್ಕಿಲ್ಲ.